ನೈಜೀರಿಯಾದ ಪಕ್ಷಗಳು: ಟಿಕೆಟ್ ಯಾರ ಕೈಯಲ್ಲಿ, ಖಜಾನೆ ಯಾರ ಕೈಯಲ್ಲಿ?

ಹೊಳೆದಂಡೆ (ಚರ್ಚೆ ಶುರು ಮಾಡಿದವರು)

ನೈಜೀರಿಯಾ ಅಂದರೆ ನಮ್ಮಲ್ಲಿ ಸೇನಾ ಆಡಳಿತ, ತೈಲ, ಬೊಕೊ ಹರಾಮ್, ಇಷ್ಟಕ್ಕೇ ಮಾತು ಮುಗಿಯುತ್ತದೆ. ಅಲ್ಲಿನ ಪಕ್ಷಗಳ ಒಳಗೆ ಏನು ನಡೆಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಆ ದೇಶದ ಜನ ಯಾರಿಗೆ ವೋಟು ಹಾಕಬಹುದು ಅನ್ನುವುದು ತೀರ್ಮಾನವಾಗುವುದೇ ಅಲ್ಲಿ. ಅದಕ್ಕೇ ಈ ಚರ್ಚೆ.

2022ರಲ್ಲಿ ಆಡಳಿತ ಪಕ್ಷ ಎಪಿಸಿ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಹೊರಟಿತು. ಸ್ಪರ್ಧಿಸುವವರು ಪಕ್ಷದಿಂದ ಫಾರಂ ತೆಗೆದುಕೊಳ್ಳಬೇಕು. ಅದರ ಬೆಲೆ 10 ಕೋಟಿ ನೈರಾ. ಆಗ ಅಲ್ಲಿನ ಕನಿಷ್ಠ ವೇತನ ತಿಂಗಳಿಗೆ 30,000 ನೈರಾ. ಆ ಸಂಬಳದವನು ಊಟ ತಿಂಡಿ ಬಿಟ್ಟು ಅಷ್ಟೂ ಕೂಡಿಟ್ಟರೂ 277 ವರ್ಷಕ್ಕಿಂತ ಜಾಸ್ತಿ ಬೇಕು. ಬರೀ ಫಾರಂಗೆ ಇಷ್ಟು. ವಿರೋಧ ಪಕ್ಷ ಪಿಡಿಪಿಯ ಫಾರಂಗೆ 4 ಕೋಟಿ. 2014ರಲ್ಲಿ ಮುಹಮ್ಮದು ಬುಹಾರಿ 2.75 ಕೋಟಿ ನೈರಾದ ಫಾರಂಗೆ ಬ್ಯಾಂಕ್ ಸಾಲ ಮಾಡಿದೆ ಎಂದು ಹೇಳಿದ್ದರು. ಹಿಂದೆ ದೇಶ ಆಳಿದ್ದವರ ಪಾಡೇ ಹೀಗಿದ್ದರೆ ಒಬ್ಬ ಶಾಲಾ ಶಿಕ್ಷಕಿ ಏನು ಮಾಡಬೇಕು?

ಫಾರಂ ಆದ ಮೇಲೆ ಪ್ರತಿನಿಧಿಗಳ ಮತ. ದೇಶದಲ್ಲಿ 774 ಸ್ಥಳೀಯ ಆಡಳಿತ ಪ್ರದೇಶಗಳಿವೆ. ಎಪಿಸಿ ಒಂದೊಂದರಿಂದ ಮೂವರನ್ನು ರಾಜಧಾನಿ ಅಬುಜಾಕ್ಕೆ ಕರೆಸಿತು. ಒಟ್ಟು 2,322 ಜನ. ಅದರಲ್ಲಿ ಬೋಲಾ ಟಿನುಬು ಅವರಿಗೆ ಬಿದ್ದದ್ದು 1,271 ಮತ. ಪಿಡಿಪಿಯಲ್ಲಿ ಆತಿಕು ಅಬೂಬಕರ್ ಗೆದ್ದದ್ದು 371 ಮತಗಳಿಂದ. 9 ಕೋಟಿಗೂ ಹೆಚ್ಚು ನೋಂದಾಯಿತ ಮತದಾರರಿರುವ ದೇಶದಲ್ಲಿ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನು ಗೆಲ್ಲಿಸಿದ್ದು ಎರಡು ಸಾವಿರವೂ ಇಲ್ಲದ ಮತಗಳು. ಪ್ರತಿನಿಧಿಗಳಿಗೆ ಡಾಲರ್ ಹಂಚಿದರು ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಭ್ರಷ್ಟಾಚಾರ ತನಿಖೆ ಮಾಡುವ ಇಎಫ್‌ಸಿಸಿಯ ಅಧಿಕಾರಿಗಳೇ ಪಿಡಿಪಿ ಸಮಾವೇಶದ ಜಾಗಕ್ಕೆ ಬಂದರು.

ನನ್ನ ವಾದ ಇದು. ಅಲ್ಲಿ ಪಕ್ಷ ನಡೆಯುವುದು ಸದಸ್ಯರ ಚಂದಾದಿಂದ ಅಲ್ಲ. ಸರ್ಕಾರಿ ಖಜಾನೆಯ ಬೀಗದ ಕೈ ಯಾರ ಬಳಿ ಇದೆಯೋ ಅವರಿಂದ. ಹಾಗಾಗಿ ಒಳಚುನಾವಣೆಯ ನಿಯಮ ಎಷ್ಟು ಸಲ ಬದಲಿಸಿದರೂ ಟಿಕೆಟ್ ಅದೇ ಕೆಲವರ ಕೈಗೆ ಬರುತ್ತದೆ. ನೀವೇನು ಹೇಳುತ್ತೀರಿ?

ಕೋರ್ಟ್ ರಸ್ತೆ

ಹೊಳೆದಂಡೆ ಅವರೇ, ಒಂದು ಮುಖ್ಯ ವಿಷಯ ಸೇರಿಸುತ್ತೇನೆ. ಪಕ್ಷ ಟಿಕೆಟ್ ಕೊಡದಿದ್ದರೆ ಪಕ್ಷೇತರನಾಗಿ ನಿಲ್ಲಬಹುದಲ್ವಾ ಅಂತ ನಮಗೆ ಅನಿಸುತ್ತದೆ. ನೈಜೀರಿಯಾದಲ್ಲಿ ಅದು ಆಗುವುದಿಲ್ಲ. 1999ರ ಸಂವಿಧಾನದ ಪ್ರಕಾರ ಅಭ್ಯರ್ಥಿ ಪಕ್ಷದ ಸದಸ್ಯನಾಗಿರಬೇಕು, ಪಕ್ಷವೇ ಅವನನ್ನು ನಿಲ್ಲಿಸಬೇಕು. ಪಕ್ಷದ ಬಾಗಿಲು ಮುಚ್ಚಿದರೆ ಬೇರೆ ದಾರಿಯೇ ಇಲ್ಲ. ಅದಕ್ಕೇ ಪಕ್ಷದ ಒಳಜಗಳವೆಲ್ಲ ಕೋರ್ಟಿಗೆ ಬರುತ್ತದೆ.

ರಿವರ್ಸ್ ರಾಜ್ಯದ ಕತೆ ಕೇಳಿ. 2006ರ ಡಿಸೆಂಬರ್‌ನಲ್ಲಿ ಪಿಡಿಪಿಯ ಒಳಚುನಾವಣೆ ಆಯಿತು. ರೊಟಿಮಿ ಅಮೇಚಿಗೆ 6,575ರಲ್ಲಿ 6,527 ಮತ ಬಂತು. ಆದರೆ ಅಧ್ಯಕ್ಷ ಒಬಸಾಂಜೊ ಅವರಿಗೆ ಅಮೇಚಿ ಬೇಡವಾಗಿತ್ತು. ಪಕ್ಷ ಅವರ ಹೆಸರು ತೆಗೆದು ಸೆಲೆಸ್ಟಿನ್ ಒಮೆಹಿಯಾ ಹೆಸರು ಕಳಿಸಿತು. 2007ರ ಏಪ್ರಿಲ್‌ನಲ್ಲಿ ಒಮೆಹಿಯಾ ಗೆದ್ದು ಗವರ್ನರ್ (ಅಲ್ಲಿ ರಾಜ್ಯ ಆಳುವ ಚುನಾಯಿತ ಮುಖ್ಯಸ್ಥ) ಆದರು. ಅಮೇಚಿ ಸುಪ್ರೀಂ ಕೋರ್ಟಿಗೆ ಹೋದರು. ಅಕ್ಟೋಬರ್ 25ಕ್ಕೆ ತೀರ್ಪು ಬಂತು. ಕಾನೂನಿನ ಪ್ರಕಾರ ಅಭ್ಯರ್ಥಿ ಅಮೇಚಿಯೇ, ಜನ ಮತ ಹಾಕಿದ್ದು ಪಕ್ಷಕ್ಕೆ, ಆದ್ದರಿಂದ ಗವರ್ನರ್ ಕೂಡ ಅಮೇಚಿಯೇ ಅಂತ ಕೋರ್ಟ್ ಹೇಳಿತು. ಆ ಚುನಾವಣೆಯ ಅಭ್ಯರ್ಥಿಗಳ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ!

ತೀರ್ಪು ಬಂದಾಗ ಒಳ ಪ್ರಜಾಪ್ರಭುತ್ವ ಗೆದ್ದಿತು ಅಂತ ತುಂಬಾ ಜನ ಹೊಗಳಿದರು. ಒಂದು ಲೆಕ್ಕದಲ್ಲಿ ಹೌದು. ಆದರೆ ಅದೇ ತೀರ್ಪು ಮತ ಪಕ್ಷದ ಆಸ್ತಿ ಅಂತಲೂ ಹೇಳಿತು. ಪಕ್ಷ ಯಾರದ್ದೋ ಮತವೂ ಅವರದ್ದೇ ಅಂತಾಯಿತು.

2019ರಲ್ಲಿ ಜಂಫಾರಾ ರಾಜ್ಯದಲ್ಲಿ ಇದು ಇನ್ನೂ ಮುಂದೆ ಹೋಯಿತು. ಎಪಿಸಿ ರಾಜ್ಯವನ್ನೇ ಗೆದ್ದಿತ್ತು. ಆದರೆ ಸರಿಯಾದ ಒಳಚುನಾವಣೆ ನಡೆಸಿರಲಿಲ್ಲ. ಪ್ರಮಾಣವಚನಕ್ಕೆ ಐದು ದಿನ ಇದ್ದಾಗ, ಮೇ 24ರಂದು, ಸುಪ್ರೀಂ ಕೋರ್ಟ್ ಆ ಪಕ್ಷದ ಅಷ್ಟೂ ಮತಗಳನ್ನು ರದ್ದು ಮಾಡಿತು. ಎರಡನೇ ಸ್ಥಾನದಲ್ಲಿದ್ದ ಪಿಡಿಪಿಗೆ ಗವರ್ನರ್ ಗಿರಿ ಹೋಯಿತು. ನಾಯಕರು ಮಾಡಿದ ತಪ್ಪಿಗೆ ಲಕ್ಷಾಂತರ ಮತದಾರರ ಮತ ಕಸವಾಯಿತು. ಇದು ನನಗೆ ಈಗಲೂ ಸರಿ ಅನಿಸುವುದಿಲ್ಲ.

ಹಳೇ ಮೇಷ್ಟ್ರು

ಹೊಳೆದಂಡೆ, ನಿಮ್ಮ ವಾದಕ್ಕೆ ಇತಿಹಾಸದಲ್ಲಿ ಇನ್ನೂ ಗಟ್ಟಿ ಆಧಾರ ಇದೆ. ತೈಲ ಬರುವ ಮೊದಲೇ ಇದು ಶುರುವಾಗಿತ್ತು.

ಬ್ರಿಟಿಷರು ರೈತರಿಂದ ಕೋಕೋ, ಕಡಲೆಕಾಯಿ, ತಾಳೆಎಣ್ಣೆ ಕೊಳ್ಳಲು ಮಾರಾಟ ಮಂಡಳಿಗಳನ್ನು ಮಾಡಿದ್ದರು. ರೈತನಿಗೆ ಕಡಿಮೆ ಬೆಲೆ ಕೊಟ್ಟು ವಿದೇಶಕ್ಕೆ ಜಾಸ್ತಿ ಬೆಲೆಗೆ ಮಾರಿ ಉಳಿದ ದುಡ್ಡನ್ನು ಕೂಡಿಡುತ್ತಿದ್ದರು. 1950ರ ದಶಕದಲ್ಲಿ ಪ್ರಾಂತ್ಯಗಳಿಗೆ ಸ್ವಂತ ಸರ್ಕಾರ ಬಂದಾಗ ಈ ದುಡ್ಡೂ ಪ್ರಾಂತ್ಯದ ನಾಯಕರ ಕೈಗೆ ಬಂತು. ಪಶ್ಚಿಮದಲ್ಲಿ ಒಬಾಫೆಮಿ ಅವೊಲೊವೊ ಅವರ ಆ್ಯಕ್ಷನ್ ಗ್ರೂಪ್ ಇತ್ತು. ಕೋಕೋ ಮಂಡಳಿಯ ದುಡ್ಡು ಸಾಲದ ರೂಪದಲ್ಲಿ ಒಂದು ಹೂಡಿಕೆ ಕಂಪನಿಗೆ ಹೋಗಿ, ಅಲ್ಲಿಂದ ಪಕ್ಷಕ್ಕೆ ಹರಿಯಿತು ಅಂತ 1962ರ ಕೋಕರ್ ಆಯೋಗ ಹೇಳಿತು. ಪೂರ್ವದಲ್ಲಿ ಪ್ರಾಂತ್ಯದ ನಾಯಕ ಆಜಿಕಿವೆ ಅವರಿಗೆ ಸಂಬಂಧಪಟ್ಟ ಬ್ಯಾಂಕಿನಲ್ಲಿ ಸರ್ಕಾರದ ಹಣ ಇಟ್ಟ ಬಗ್ಗೆ 1956ರಲ್ಲೇ ವಿಚಾರಣೆ ಆಗಿತ್ತು. ಉತ್ತರದ ಎನ್‌ಪಿಸಿಗೆ ಎಮಿರರ (ಸಾಂಪ್ರದಾಯಿಕ ಮುಸ್ಲಿಂ ಅರಸರ) ಕೈಕೆಳಗಿನ ಸ್ಥಳೀಯ ಆಡಳಿತದ ನೌಕರರೇ ಬೆನ್ನೆಲುಬು. ನೌಕರಿ ಕೊಡುವವನೇ ಪಕ್ಷದ ನಾಯಕನೂ ಆಗಿದ್ದಾಗ ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುವವರು ಯಾರು? ಆ ಅಂಜಿಕೆಗೆ ಎದುರಾಗಿ ಅಮಿನು ಕಾನೊ 1950ರಲ್ಲಿ ನೇಪು ಪಕ್ಷ ಕಟ್ಟಿದವರ ಜೊತೆ ನಿಂತರು. ಅವರ ಬಗ್ಗೆ ಒಂದು ಬೇರೆ ಚರ್ಚೆಯೇ ಬೇಕು.

ಈಗ ಮುಖ್ಯ ವಿಷಯ. 1959ರಲ್ಲಿ ಅವೊಲೊವೊ ಕೇಂದ್ರದ ರಾಜಕೀಯಕ್ಕೆ ಹೋದರು. ಪಕ್ಷದ ನಾಯಕ ಅವರೇ. ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಮಾತ್ರ ಸ್ಯಾಮ್ಯುಯೆಲ್ ಅಕಿಂಟೋಲ. ಪಕ್ಷ ಒಬ್ಬರ ಕೈಯಲ್ಲಿ, ಖಜಾನೆ ಇನ್ನೊಬ್ಬರ ಕೈಯಲ್ಲಿ. 1962ರ ಫೆಬ್ರುವರಿಯಲ್ಲಿ ಜೋಸ್ ಊರಿನ ಅಧಿವೇಶನದಲ್ಲಿ ಜಗಳ ಬಯಲಿಗೆ ಬಂತು. ಪಕ್ಷ ಅಕಿಂಟೋಲ ಅವರನ್ನು ಇಳಿಸಲು ಹೊರಟಿತು. ಅವರು ಇಳಿಯಲಿಲ್ಲ. ಮೇ 25ರಂದು ಪ್ರಾಂತ್ಯದ ರಾಜಧಾನಿ ಇಬಾದಾನ್‌ನ ಶಾಸನಸಭೆಯಲ್ಲಿ ಕುರ್ಚಿಗಳು ಹಾರಾಡಿದವು, ಪೊಲೀಸರು ಅಶ್ರುವಾಯು ಬಿಟ್ಟರು. ನಾಲ್ಕೇ ದಿನಕ್ಕೆ ಕೇಂದ್ರ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. ಸ್ವಾತಂತ್ರ್ಯದ ನಂತರದ ಮೊದಲ ಗಣರಾಜ್ಯ ಕುಸಿಯಲು ಶುರುವಾದದ್ದು ಅಲ್ಲಿಂದಲೇ ಅಂತ ನಾನು ನಂಬುತ್ತೇನೆ.

ಆಮೇಲಿನ ಜಗಳಗಳನ್ನು ನೋಡಿ. ಟಿಕೆಟ್ ಕೊಡಿಸಿದವನು ಒಬ್ಬ, ಖಜಾನೆಯ ಮೇಲೆ ಕೂತವನು ಇನ್ನೊಬ್ಬ. ಪ್ರತಿ ಸಲವೂ ಒಡಕು ಇದೇ ಜಾಗದಲ್ಲಿ.

ಇಕೇಜಾ ನಿವಾಸಿ

ಕೆಲಸದ ಮೇಲೆ ಲಾಗೋಸ್‌ಗೆ ಬಂದು ಇಲ್ಲೇ ಉಳಿದವನು ನಾನು. ಇಲ್ಲಿ ವೋಟು ಹಾಕುವ ಹಕ್ಕು ನನಗಿಲ್ಲ. ಆದರೆ ಇಲ್ಲಿ ಬದುಕುವವನಿಗೆ ರಾಜಕೀಯ ಕಿವಿಗೆ ಬೀಳದೆ ಇರುವುದಿಲ್ಲ.

ಪ್ರತಿನಿಧಿಗಳ ಪದ್ಧತಿ ಬೇಡ, ಎಲ್ಲ ಸದಸ್ಯರೂ ನೇರವಾಗಿ ಮತ ಹಾಕಲಿ ಅಂತ ತುಂಬಾ ಜನ ಕೇಳುತ್ತಾರೆ. ಲಾಗೋಸ್ ಎಪಿಸಿ 2018ರ ಅಕ್ಟೋಬರ್ 2ರಂದು ಅದನ್ನೇ ಮಾಡಿತು. ಆಗ ಗವರ್ನರ್ ಅಕಿನ್‌ವುನ್ಮಿ ಅಂಬೋಡೆ. 2015ರಲ್ಲಿ ಅವರನ್ನು ತಂದವರು ಲಾಗೋಸ್‌ನ ಹಿಂದಿನ ಗವರ್ನರ್ ಟಿನುಬು. ಮೂರು ವರ್ಷದಲ್ಲಿ ಸಂಬಂಧ ಕೆಟ್ಟಿತು. ಟಿನುಬು ಬೆಂಬಲ ಬಾಬಾಜಿದೆ ಸಾನ್ವೊ-ಒಲು ಅವರಿಗೆ ಹೋಯಿತು. ನೇರ ಚುನಾವಣೆಯಲ್ಲಿ ಜನ ಸಾಲು ನಿಲ್ಲಬೇಕು. ಗುಟ್ಟಿನ ಮತ ಇಲ್ಲ. ವಾರ್ಡಿನ ಮುಖಂಡ ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾನೆ. ಮಾರುಕಟ್ಟೆಯಲ್ಲಿ ಟೊಮೆಟೊ ಮಾರುವ ಹೆಂಗಸು, ಮೋಟಾರು ಪಾರ್ಕಿನಲ್ಲಿ ಕೂಗಿ ಜನ ಕರೆಯುವ ಹುಡುಗ, ಇವರ ದಿನದ ದುಡಿಮೆ ಆ ಮುಖಂಡನ ಕೃಪೆಯಲ್ಲಿದೆ. ಅವರು ಬೇರೆ ಸಾಲಿಗೆ ಹೋಗಿ ನಿಲ್ಲುತ್ತಾರಾ?

ಫಲಿತಾಂಶ ನೋಡಿ. ಸಾನ್ವೊ-ಒಲು 9,70,851 ಮತ. ಅಂಬೋಡೆ 72,901. ಗವರ್ನರ್ ಕುರ್ಚಿಯಲ್ಲಿ ಕೂತಿದ್ದ ಮನುಷ್ಯನಿಗೆ ಇಷ್ಟು. ಈಗ ಇನ್ನೊಂದು ಸಂಖ್ಯೆ. 2019ರ ಮಾರ್ಚ್‌ನಲ್ಲಿ ಇಡೀ ರಾಜ್ಯದ ಚುನಾವಣೆ ಆದಾಗ ಅದೇ ಸಾನ್ವೊ-ಒಲು ಪಡೆದದ್ದು 7,39,445. ಒಂದು ಪಕ್ಷದ ಒಳಗೆ ಸಿಕ್ಕ ಮತ ಇಡೀ ರಾಜ್ಯದಲ್ಲಿ ಸಿಕ್ಕ ಮತಕ್ಕಿಂತ ಎರಡು ಲಕ್ಷಕ್ಕೂ ಜಾಸ್ತಿ! ನೇರ ಚುನಾವಣೆಯ ಪರ ಮಾತಾಡುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು.

ಇನ್ನೊಂದು ಮಾತು. ಲಾಗೋಸ್ ತೈಲದ ಪಾಲಿಗಿಂತ ತನ್ನ ಸ್ವಂತ ತೆರಿಗೆಯ ಮೇಲೆ ಜಾಸ್ತಿ ನಿಂತಿರುವ ರಾಜ್ಯ. ಆದರೂ ಇಲ್ಲಿ ಅದೇ ಕತೆ. ಎಲ್ಲಕ್ಕೂ ತೈಲವನ್ನೇ ದೂರುವುದು ಸರಿಯಲ್ಲ. ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕಿಂತ ಅದರ ಲೆಕ್ಕ ಯಾರು ಕೇಳುತ್ತಾರೆ ಅನ್ನುವುದು ದೊಡ್ಡದು.

ಮಲ್ಲಿಗೆ ಮೊಗ್ಗು

ಎಲ್ಲರೂ ಗಂಡಸರ ಜಗಳದ ಬಗ್ಗೆಯೇ ಬರೆದಿದ್ದೀರಿ. 2011ರ ಜನವರಿಯಲ್ಲಿ ಪಿಡಿಪಿಯ ಅಧ್ಯಕ್ಷೀಯ ಒಳಚುನಾವಣೆಯಲ್ಲಿ ಸಾರಾ ಜಿಬ್ರಿಲ್ ಅಂತ ಒಬ್ಬ ಮಹಿಳೆ ನಿಂತಿದ್ದರು. ಗುಡ್‌ಲಕ್ ಜೊನಾಥನ್‌ಗೆ 2,736 ಮತ, ಆತಿಕುಗೆ 805. ಸಾರಾ ಅವರಿಗೆ ಒಂದು. ಸಾವಿರಾರು ಪ್ರತಿನಿಧಿಗಳಲ್ಲಿ ಹೆಂಗಸರೂ ಇದ್ದರಲ್ಲವೇ? ಅವರನ್ನು ಕಳಿಸಿದವರು ಗವರ್ನರ್‌ಗಳು. ಅವರ ಕೈ ಕಟ್ಟಿಹಾಕಿದ್ದವರೂ ಗವರ್ನರ್‌ಗಳೇ. 2022ರಲ್ಲಿ ದೊಡ್ಡ ಪಕ್ಷಗಳು ಮಹಿಳೆಯರಿಗೆ ಫಾರಂ ದುಡ್ಡಿನಲ್ಲಿ ದೊಡ್ಡ ರಿಯಾಯಿತಿ ಕೊಟ್ಟವು. ಎಪಿಸಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಇದ್ದ ಒಬ್ಬರೇ ಮಹಿಳೆ ಸಮಾವೇಶದ ವೇದಿಕೆಯಲ್ಲೇ ಟಿನುಬು ಪರ ಹಿಂದೆ ಸರಿದರು. ಬರೀ ಶುಲ್ಕ ಕಡಿಮೆ ಮಾಡಿದರೆ ಸಾಲದು.

ನನ್ನದೊಂದು ಪ್ರಶ್ನೆ ಇದೆ. ಟಿಕೆಟ್ ಕೊಡಿಸಿ ಹಿಂದಿನಿಂದ ಆಳುವ ಈ ಗಾಡ್‌ಫಾದರ್‌ಗಳನ್ನು ಜನ ಯಾಕೆ ಸಹಿಸಿಕೊಳ್ಳುತ್ತಾರೆ? 2022ರಲ್ಲಿ ಕಡುನಾ ರಾಜ್ಯದ ಒಬ್ಬ ಪ್ರತಿನಿಧಿ ತನಗೆ ಸಿಕ್ಕ ದುಡ್ಡಿನಲ್ಲಿ ಊರಿನ ಮಕ್ಕಳ ಪರೀಕ್ಷಾ ಶುಲ್ಕ ಕಟ್ಟಿದ ಅಂತ ಸುದ್ದಿಯಾಗಿತ್ತು. ಅಲ್ಲಿನ ತುಂಬಾ ಜನ ಅವನನ್ನು ಮೆಚ್ಚಿದರು. ಅದು ಲಂಚದ ದುಡ್ಡು ಅಂತ ಗೊತ್ತಿದ್ದೂ.

ಹೊಳೆದಂಡೆ

ಮೇಡಂ, ಒಳ್ಳೆಯ ಪ್ರಶ್ನೆ. ಇದಕ್ಕೆ ಇಬಾದಾನ್‌ನ ಲಮಿಡಿ ಅಡೆಡಿಬು ಅವರ ಮನೆಗೆ ಹೋಗಬೇಕು.

ಮೊಲೆಟೆ ಅನ್ನುವ ಬಡಾವಣೆಯಲ್ಲಿ ಅವರ ಮನೆ. ದಿನಾ ಅಂಗಳದ ತುಂಬಾ ಜನ. ದೊಡ್ಡ ಪಾತ್ರೆಗಳಲ್ಲಿ ಅಮಲಾ ಬೇಯುತ್ತಿತ್ತು. ಅಮಲಾ ಅಂದರೆ ಒಣಗಿಸಿದ ಗೆಣಸಿನಂಥ ಗಡ್ಡೆಯ ಹಿಟ್ಟಿನಿಂದ ತಿರುವಿದ ಕಂದು ಮುದ್ದೆ. ಬಂದವರಿಗೆ ಊಟ, ಮಕ್ಕಳ ಫೀಸಿಗೆ ಒಂದಿಷ್ಟು, ಆಸ್ಪತ್ರೆಗೆ ಒಂದಿಷ್ಟು. ಇದಕ್ಕೆ ಅಮಲಾ ರಾಜಕೀಯ ಅಂತಲೇ ಹೆಸರು ಬಿತ್ತು. ಅದೇ ಮನೆಯಿಂದ ಪುಂಡರ ಗುಂಪುಗಳೂ ಹೊರಡುತ್ತಿದ್ದವು ಅನ್ನುವುದನ್ನು ಮರೆಯಬಾರದು. ಮಾನವ ಹಕ್ಕು ಸಂಘಟನೆಗಳು ಅದನ್ನು ವಿವರವಾಗಿ ದಾಖಲಿಸಿವೆ.

2003ರಲ್ಲಿ ಅವರ ಬೆಂಬಲದಿಂದ ರಶೀದಿ ಲದೋಜಾ ಓಯೋ ರಾಜ್ಯದ ಗವರ್ನರ್ ಆದರು. ಆಮೇಲೆ ಜಗಳ. ಜಗಳ ಯಾಕೆ ಅಂತ ಅಡೆಡಿಬು ಬಹಿರಂಗವಾಗಿಯೇ ಹೇಳಿದರು. ಗವರ್ನರ್‌ಗೆ ಭದ್ರತೆಯ ಹೆಸರಲ್ಲಿ ತಿಂಗಳಿಗೆ 6.5 ಕೋಟಿ ನೈರಾ ಬರುತ್ತದೆ, ಅದಕ್ಕೆ ಲೆಕ್ಕ ಕೊಡುವ ಹಾಗಿಲ್ಲ, ಅದರಲ್ಲಿ ನನಗೆ ಒಂದೂವರೆ ಕೋಟಿ ಕೊಡಬೇಕಿತ್ತು, ಕೊಡಲಿಲ್ಲ ಅಂತ. 2006ರ ಜನವರಿಯಲ್ಲಿ 32 ಶಾಸಕರಲ್ಲಿ 18 ಜನ ಸೇರಿ ಲದೋಜಾ ಅವರನ್ನು ಕೆಳಗಿಳಿಸಿದರು. ಮೂರನೇ ಎರಡರಷ್ಟು ಬಲವೇ ಇರಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪು ಎಂದಿತು.

ಅನಂಬ್ರಾದಲ್ಲಿ ಇನ್ನೂ ಕೆಟ್ಟದಾಯಿತು. 2003ರ ಜುಲೈ 10ರಂದು ಗವರ್ನರ್ ಕ್ರಿಸ್ ಎನ್ಗಿಗೆ ಅವರನ್ನು ಪೊಲೀಸರೇ ಹಿಡಿದು ಕೂರಿಸಿದರು. ಅತ್ತ ಅವರ ಹೆಸರಿನ ರಾಜೀನಾಮೆ ಪತ್ರವನ್ನು ಶಾಸನಸಭೆಯಲ್ಲಿ ಓದಿಸಿದರು. ಅವರಿಗೆ ಟಿಕೆಟ್ ಕೊಡಿಸಿ ಗೆಲ್ಲಿಸಿದ ಕ್ರಿಸ್ ಉಬಾ ಜೊತೆಗಿನ ಜಗಳದ ಫಲ ಅದು.

ಜನ ಯಾಕೆ ಸಹಿಸುತ್ತಾರೆ ಅಂದಿರಿ. ಸರ್ಕಾರಿ ಶಾಲೆಯಲ್ಲಿ ಫೀಸು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು. ಅಂಥ ಕಡೆ ಅಡೆಡಿಬು ಅಂಗಳ ಒಂದು ಆಸರೆಯಾಗಿತ್ತು. ಖಜಾನೆಯಿಂದ ನೇರ ಬರಬೇಕಿದ್ದ ದುಡ್ಡೇ ಆ ಅಂಗಳದ ಮೂಲಕ ಚೂರುಪಾರು ಬರುತ್ತಿತ್ತು. ಕಡುನಾದ ಪ್ರತಿನಿಧಿಯ ಬಗ್ಗೆ ನನಗೆ ಸಿಟ್ಟಿಲ್ಲ. ಆ ಮಕ್ಕಳಿಗೆ ಪರೀಕ್ಷಾ ಶುಲ್ಕ ಕಟ್ಟುವ ಹಾಗೆ ಮಾಡಿದವರ ಮೇಲೆ ಸಿಟ್ಟಿದೆ.

ಬಯಲುಸೀಮೆ

ನನಗೆ ಈ ಚರ್ಚೆ ಸ್ವಲ್ಪ ಏಕಪಕ್ಷೀಯ ಅನಿಸುತ್ತಿದೆ. ನಮ್ಮಲ್ಲಿ ಬಿ ಫಾರಂ ಯಾರಿಗೆ ಅಂತ ಹೈಕಮಾಂಡ್ ಹೇಳುತ್ತದೆ. ಒಳಚುನಾವಣೆ ಮಾಡಿ ಅಂತ ಹೇಳುವ ಕಾನೂನೇ ನಮ್ಮಲ್ಲಿಲ್ಲ. ನೈಜೀರಿಯಾದ 2022ರ ಚುನಾವಣಾ ಕಾಯ್ದೆಯ 84ನೇ ಸೆಕ್ಷನ್ ನೇರ, ಪರೋಕ್ಷ, ಒಮ್ಮತ ಅಂತ ಮೂರು ದಾರಿ ಕೊಟ್ಟಿತ್ತು. ಒಮ್ಮತ ಅನ್ನಬೇಕಾದರೆ ಉಳಿದ ಎಲ್ಲ ಆಕಾಂಕ್ಷಿಗಳೂ ಬರವಣಿಗೆಯಲ್ಲಿ ಒಪ್ಪಬೇಕಿತ್ತು. ಚುನಾವಣಾ ಆಯೋಗದವರು ಬಂದು ನೋಡುತ್ತಾರೆ. ಕಾಗದದ ಮೇಲೆ ಅವರು ನಮಗಿಂತ ಮುಂದೆ.

ಗಾಡ್‌ಫಾದರ್ ಸೋತ ಉದಾಹರಣೆಯೂ ಇದೆ. 2020ರಲ್ಲಿ ಎಡೋ ರಾಜ್ಯದ ಗವರ್ನರ್ ಗಾಡ್ವಿನ್ ಒಬಸೆಕಿ ಅವರನ್ನು ಎಪಿಸಿ ಒಳಚುನಾವಣೆಗೆ ನಿಲ್ಲದಂತೆ ಅನರ್ಹ ಮಾಡಿತು. ಆಗ ಪಕ್ಷದ ರಾಷ್ಟ್ರಾಧ್ಯಕ್ಷರು ಅವರದೇ ಹಳೆಯ ಗುರು ಆ್ಯಡಮ್ಸ್ ಒಶಿಯೊಮೊಲೆ. ಒಬಸೆಕಿ ಪಿಡಿಪಿಗೆ ಹೋಗಿ ಸೆಪ್ಟೆಂಬರ್‌ನಲ್ಲಿ ಗೆದ್ದರು. ಎಡೋ ಲಾಗೋಸ್ ಅಲ್ಲ ಅನ್ನುವುದೇ ಜನರ ಘೋಷಣೆಯಾಗಿತ್ತು.

ಕೋರ್ಟ್ ರಸ್ತೆ

ಬಯಲುಸೀಮೆ ಅವರೇ, ಒಬಸೆಕಿ ಗೆಲುವು ನನಗೂ ಖುಷಿ ಕೊಟ್ಟಿತ್ತು. ಆದರೆ ಅವರು ಆಗ ಖಜಾನೆಯ ಮೇಲೆ ಕೂತಿದ್ದ ಗವರ್ನರ್. ಗಾಡ್‌ಫಾದರ್‌ಗೆ ಎದುರಾಗಿ ಗೆದ್ದದ್ದು ಸಾಮಾನ್ಯ ಸದಸ್ಯ ಅಲ್ಲ. ಪಕ್ಷ ಬದಲಿಸಿದರೂ ಗವರ್ನರ್ ಕುರ್ಚಿ ಹೋಗುವುದಿಲ್ಲ, ಸ್ಥಾನ ಹೋಗುವ ನಿಯಮ ಶಾಸಕರಿಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ ಡೆಲ್ಟಾ ರಾಜ್ಯದ ಗವರ್ನರ್ ಶೆರಿಫ್ ಒಬೊರೆವೊರಿ ಪಿಡಿಪಿ ಬಿಟ್ಟು ಎಪಿಸಿಗೆ ಹೋದಾಗ ರಾಜ್ಯದ ಪಿಡಿಪಿಯೇ ಅವರ ಜೊತೆ ಹೊರಟಿತು. 1999ರಿಂದ ಅಲ್ಲಿ ಆಳುತ್ತಿದ್ದ ಪಕ್ಷ ಅದು. ಸದಸ್ಯರನ್ನು ಯಾರಾದರೂ ಕೇಳಿದರಾ?

ಹಳೇ ಮೇಷ್ಟ್ರು

ನಾನು ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಕೆಳಗಿನಿಂದ ಅಭ್ಯರ್ಥಿಯನ್ನು ಆರಿಸುವ ಪ್ರಯತ್ನ ಒಮ್ಮೆ ನಿಜವಾಗಿ ಆಗಿದೆ. 1993ರಲ್ಲಿ ಚುನಾವಣಾ ಆಯೋಗದ ಮುಖ್ಯಸ್ಥರಾಗಿದ್ದ ಹಂಫ್ರಿ ನ್ವೊಸು ಆಪ್ಷನ್ ಎ4 ಅನ್ನುವ ಪದ್ಧತಿ ತಂದರು. ಅಧ್ಯಕ್ಷನಾಗಬೇಕು ಅನ್ನುವವನು ಮೊದಲು ತನ್ನ ವಾರ್ಡಿನಲ್ಲಿ ಗೆಲ್ಲಬೇಕು. ಆಮೇಲೆ ಸ್ಥಳೀಯ ಪ್ರದೇಶ, ರಾಜ್ಯ, ಕೊನೆಗೆ ರಾಷ್ಟ್ರ. ಎಸ್‌ಡಿಪಿಯಿಂದ ಮೊಶೂದ್ ಅಬಿಯೋಲ ಹಾಗೇ ಬಂದರು. ಜೂನ್ 12ರ ಮತದಾನ ಆ ದೇಶ ಕಂಡ ಅತ್ಯಂತ ಸ್ವಚ್ಛ ಚುನಾವಣೆ ಅಂತ ಇಂದಿಗೂ ಹೇಳುತ್ತಾರೆ. ಸೇನಾ ಆಡಳಿತಗಾರ ಬಾಬಂಗಿಡ ಜೂನ್ 23ರಂದು ಅದನ್ನು ರದ್ದು ಮಾಡಿದರು.

ಆಗ ಇದ್ದ ಎರಡೇ ಪಕ್ಷಗಳನ್ನು (ಎಸ್‌ಡಿಪಿ ಅವುಗಳಲ್ಲಿ ಒಂದು) ಹುಟ್ಟಿಸಿದ್ದು, ಅವುಗಳ ಕಚೇರಿ ಕಟ್ಟಿಸಿದ್ದು ಬಾಬಂಗಿಡ ಸರ್ಕಾರವೇ. ಅಬಿಯೋಲ ಕೂಡ ಭಾರಿ ಶ್ರೀಮಂತ. ಇದೆಲ್ಲ ಗೊತ್ತಿದ್ದೂ ಹೇಳುತ್ತೇನೆ. ತನ್ನ ವಾರ್ಡಿನಲ್ಲೇ ಸೋಲುವ ಭಯ ದೊಡ್ಡವರಿಗೆ ಇರಬೇಕು. ನಿಯಮ ಬದಲಾದರೆ ಏನೂ ಬದಲಾಗದು ಅನ್ನುವ ಹೊಳೆದಂಡೆಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಇಕೇಜಾ ನಿವಾಸಿ

ಮೇಷ್ಟ್ರೇ, ಸದಸ್ಯರೇ ಆರಿಸುವ ಪದ್ಧತಿ 1993ರಲ್ಲಿ ಕೆಲಸ ಮಾಡಿತು, 2018ರ ಲಾಗೋಸ್‌ನಲ್ಲಿ ಕೆಟ್ಟಿತು. ಯಾಕೆ? ನನಗೆ ಕಾಣುವ ಕಾರಣ ಸದಸ್ಯರ ಪಟ್ಟಿ. ಯಾರು ಸದಸ್ಯ ಅಂತ ಹೇಳುವ ಪಟ್ಟಿ ವಾರ್ಡಿನ ಮುಖಂಡನ ಹತ್ತಿರ ಇದ್ದರೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ.

2023ರಲ್ಲಿ ಇಲ್ಲಿನ ಹುಡುಗರು ಅಧ್ಯಕ್ಷ ಚುನಾವಣೆಗೆ ನಿಂತ ಪೀಟರ್ ಓಬಿ ಹಿಂದೆ ಹೋದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಓಬಿ 2022ರ ಪಿಡಿಪಿ ಸಮಾವೇಶಕ್ಕೆ ಕೆಲವೇ ದಿನ ಮುಂಚೆ ಪಕ್ಷ ಬಿಟ್ಟು ಲೇಬರ್ ಪಾರ್ಟಿಗೆ ಬಂದರು. ಹುಡುಗರು ಸ್ವಂತ ದುಡ್ಡಲ್ಲಿ ಟಿ-ಶರ್ಟ್ ಮಾಡಿಸಿದರು, ಬಿಸಿಲಲ್ಲಿ ನಡೆದರು. ಲಾಗೋಸ್‌ನಲ್ಲೇ ಟಿನುಬು ಅವರಿಗಿಂತ ಓಬಿಗೆ ಹೆಚ್ಚು ಮತ ಬಂತು. ಚಂದಾ ಕೊಡುವ ಸದಸ್ಯರ ಪಕ್ಷ ಇಲ್ಲಿಂದ ಹುಟ್ಟುತ್ತದೆ ಅಂತ ನಂಬಿದ್ದೆ. ಆಮೇಲೆ ಆ ಪಕ್ಷವೇ ಅಧ್ಯಕ್ಷಗಿರಿಯ ಜಗಳದಲ್ಲಿ ಬಿತ್ತು. 2024ರ ಮಾರ್ಚ್‌ನಲ್ಲಿ ನ್ನೇವಿಯಲ್ಲಿ ಪಕ್ಷದ ಅಧ್ಯಕ್ಷ ಜೂಲಿಯಸ್ ಅಬುರೆ ಬಣದ ಸಮಾವೇಶ ಆಯಿತು. ಪಕ್ಷ ಕಟ್ಟಿದ ಕಾರ್ಮಿಕ ಸಂಘಟನೆಯೇ ಅದನ್ನು ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ಹುಡುಗರಿಗೆ ಆ ಸಮಾವೇಶದಲ್ಲಿ ಮತವೇ ಇರಲಿಲ್ಲ.

ಹೊಳೆದಂಡೆ

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ವಾರ್ಡಿನಲ್ಲಿ ಗೆಲ್ಲಬೇಕು ಅನ್ನುವ ನಿಯಮ ಚೆನ್ನಾಗಿದೆ. ಆದರೆ ರಿವರ್ಸ್ ರಾಜ್ಯ ನೋಡಿ. ಗವರ್ನರ್ ಆಗಿದ್ದ ಎನ್ಯೆಸೊಮ್ ವಿಕೆ 2023ರಲ್ಲಿ ಸಿಮಿನಲಾಯಿ ಫುಬಾರಾ ಅವರನ್ನು ತಮ್ಮ ಉತ್ತರಾಧಿಕಾರಿ ಮಾಡಿದರು. ಕೆಲವೇ ತಿಂಗಳಲ್ಲಿ ಜಗಳ. 2025ರ ಮಾರ್ಚ್ 18ರಂದು ಅಧ್ಯಕ್ಷ ಟಿನುಬು ತುರ್ತು ಪರಿಸ್ಥಿತಿ ಘೋಷಿಸಿ ಗವರ್ನರ್ ಮತ್ತು ಶಾಸನಸಭೆ ಎರಡನ್ನೂ ಆರು ತಿಂಗಳು ಅಮಾನತು ಮಾಡಿದರು. 1962ರ ಇಬಾದಾನ್ ಮತ್ತೆ ಕಣ್ಣಿಗೆ ಬರುತ್ತದೆ.

ಹಾಗಾಗಿ ನಾನು ಕೇಳುವುದು ಎರಡು. ಸದಸ್ಯರ ಪಟ್ಟಿ ಚುನಾವಣಾ ಆಯೋಗದ ಕೈಯಲ್ಲಿರಲಿ, ಮತದಾನಕ್ಕೆ ತುಂಬಾ ಮುಂಚೆಯೇ ಯಾರು ಬೇಕಾದರೂ ನೋಡುವ ಹಾಗಿರಲಿ. ಭದ್ರತೆ ಹೆಸರಿನ ಆ ಲೆಕ್ಕವಿಲ್ಲದ ದುಡ್ಡಿಗೆ ಆಡಿಟ್ ಬರಲಿ. ಎರಡನೆಯದಕ್ಕೆ ಯಾವ ಗವರ್ನರೂ ಸುಲಭವಾಗಿ ಒಪ್ಪುವುದಿಲ್ಲ ಅಂತ ಗೊತ್ತು. ಇಕೇಜಾದ ಅಣ್ಣ, ನಿಮ್ಮ ಕಡೆ ಈ ಪಟ್ಟಿಯ ವಿಷಯ ಯಾರಾದರೂ ಗಟ್ಟಿಯಾಗಿ ಎತ್ತುತ್ತಿದ್ದಾರಾ? ತಿಳಿದದ್ದನ್ನು ಇಲ್ಲೇ ಬರೆಯಿರಿ.